ಸಂಕ್ರಾಂತಿಯ ಸಕ್ಕರೆ ಅಚ್ಚು, ಎಳ್ಳು: ವಿಡಿಯೋ ನೋಡಿ ಮನೆಯಲ್ಲೇ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಕೊನೆಯ ವಾರ ಬಂತು ಅಂದರೆ ನನ್ನ ಫೋನಿನ ತುಂಬ ಸಕ್ಕರೆ ಅಚ್ಚಿನ ವಿಡಿಯೋಗಳೇ. ರಾತ್ರಿ ಪಾತ್ರೆ ತೊಳೆದಿಟ್ಟು ಕೂತರೆ ಒಂದಾದ ಮೇಲೊಂದು ನೋಡುತ್ತೇನೆ. ಯಾರದೋ ಮನೆಯ ಹಳೆಯ ತೇಗದ ಅಚ್ಚು ಬಿಚ್ಚಿಕೊಂಡು ಒಳಗಿಂದ ಬಿಳಿ ಗಿಳಿ ಹೊರಗೆ ಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಅಡುಗೆ ನೋಡುವ, ಓದುವ ಈ ಆಸೆ ಅಮ್ಮನಿಂದ ಬಂದದ್ದು. ಅವಳು ಸುಧಾ, ತರಂಗದ ಅಡುಗೆ ಪುಟಗಳನ್ನು ಕತ್ತರಿಸಿ ಹಳೆಯ ಡೈರಿಗೆ ಅಂಟಿಸಿಡುತ್ತಿದ್ದಳು. ಆ ಡೈರಿ ಈಗ ನನ್ನ ಹತ್ತಿರ ಇದೆ. ಮೈದಾ ಅಂಟು ಒಣಗಿ ಪುಟಗಳು ಉಬ್ಬಿವೆ.

ಮೊದಲ ಸಲ ಅಚ್ಚು ಮಾಡಲು ಹೋದಾಗ ನಾನು ಇಪ್ಪತ್ತು ವಿಡಿಯೋ ನೋಡಿ ಸಿದ್ಧಳಾಗಿದ್ದೆ. ಒಂದು ಕೆಜಿ ಸಕ್ಕರೆಯನ್ನು ಒಟ್ಟಿಗೇ ಒಲೆಗಿಟ್ಟೆ. ಪಾಕ ಕುದಿಯಿತು, ಗುಳ್ಳೆ ಬಂತು. ಇನ್ನೇನು ಸುರಿಯಬೇಕು ಅನ್ನುವಷ್ಟರಲ್ಲಿ ಪಾತ್ರೆಯಲ್ಲೇ ಕಲ್ಲಾಗಿ ಕೂತಿತು. ಆಮೇಲೆ ಅದೇ ವಿಡಿಯೋಗಳನ್ನು ಮತ್ತೆ ಹಾಕಿ ನೋಡಿದೆ. ಹೆಚ್ಚಿನವುಗಳಲ್ಲಿ ಪಾಕ ಕುದಿಯುತ್ತಿರುವುದು ಕಾಣುತ್ತದೆ, ಮುಂದಿನ ದೃಶ್ಯದಲ್ಲಿ ಅದು ಆಗಲೇ ಅಚ್ಚಿನೊಳಗೆ ಇರುತ್ತದೆ. ನಡುವಿನ ಒಂದು ನಿಮಿಷ ಇಲ್ಲವೇ ಇಲ್ಲ. ಪಾಕ ತಿಳಿಯಿಂದ ಹಾಲಿನ ಬಣ್ಣಕ್ಕೆ ತಿರುಗುವ ನಿಮಿಷ ಅದು. ಇಡೀ ಕೆಲಸ ನಿಂತಿರುವುದೇ ಅಲ್ಲಿ.

ಅದಕ್ಕೇ ಈ ಬರಹ. ಆ ನಿಮಿಷ ಬಂದಾಗ ನಿಮ್ಮ ಕೈಯಲ್ಲಿ ಬೇರೆ ಯಾವ ಕೆಲಸವೂ ಇರಬಾರದು. ಉಳಿದ ತಯಾರಿ ಎಲ್ಲ ಅದಕ್ಕಾಗಿಯೇ.

ಮೊದಲು ದಿನ ಹಂಚಿಕೊಳ್ಳಿ

ಹಬ್ಬ ಜನವರಿ 14 ಅಥವಾ 15ಕ್ಕೆ ಬರುತ್ತದೆ. ಹಿಂದಿನ ದಿನ ಸಂಜೆ ಶುರು ಮಾಡಿದರೆ ಆಗುವ ಕೆಲಸ ಅಲ್ಲ ಇದು. ಬೆಲ್ಲ, ಕೊಬ್ಬರಿ ಒಣಗುವುದಕ್ಕೇ ಎರಡು ಮೂರು ದಿನದ ಬಿಸಿಲು ಬೇಕು. ಜನವರಿಯ ಮೊದಲ ಭಾನುವಾರ ನಾನು ಸಾಮಾನು ತರುತ್ತೇನೆ, ಅಚ್ಚುಗಳನ್ನು ಅಟ್ಟದಿಂದ ಇಳಿಸುತ್ತೇನೆ. ಆ ವಾರದಲ್ಲಿ ಕೊಬ್ಬರಿ, ಬೆಲ್ಲ ಹೆಚ್ಚುವುದು, ಒಣಗಿಸುವುದು. ಎರಡನೇ ಶನಿವಾರ ಅಚ್ಚು ಹಾಕುವುದು. ಹಬ್ಬದ ಹಿಂದಿನ ದಿನ ಎಳ್ಳಿನ ಜೊತೆ ಬೆಲ್ಲ ಬೆರೆಸಿ ಪೊಟ್ಟಣ ಕಟ್ಟುವುದು.

ಗಾಂಧಿ ಬಜಾರ್, ಮಲ್ಲೇಶ್ವರದ 8ನೇ ಕ್ರಾಸ್‌ನಲ್ಲಿ ಆ ಹೊತ್ತಿಗೆ ಎಲ್ಲವೂ ಸಿದ್ಧವಾಗಿಯೇ ಸಿಗುತ್ತದೆ. ಸಮಯ ಇಲ್ಲದವರು ಕೊಂಡರೆ ತಪ್ಪೇನಿಲ್ಲ. ಆದರೆ ಒಂದು ವರ್ಷವಾದರೂ ಮನೆಯಲ್ಲಿ ಮಾಡಿ ನೋಡಿ ಅನ್ನುತ್ತೇನೆ. ಮನೆ ಅಚ್ಚು ಬಾಯಿಗೆ ಹಾಕಿದ ಕೂಡಲೇ ಪುಡಿಯಾಗಿ ಕರಗುತ್ತದೆ.

ವಿಡಿಯೋ ನೋಡುವುದಕ್ಕೂ ಒಂದು ಕ್ರಮ ಇದೆ

ಇಪ್ಪತ್ತು ಬೇಡ, ಮೂರು ಸಾಕು. ಆರಿಸುವಾಗ ನಾನು ನೋಡುವುದು ಒಂದೇ. ಪಾಕ ಹದಕ್ಕೆ ಬರುವಲ್ಲಿಂದ ಅಚ್ಚಿಗೆ ಸುರಿಯುವವರೆಗೆ ಕತ್ತರಿಸದೆ ತೋರಿಸಿದ್ದಾರಾ? ಇಲ್ಲದಿದ್ದರೆ ಎಷ್ಟೇ ಚೆನ್ನಾಗಿ ಚಿತ್ರೀಕರಿಸಿದ್ದರೂ ಕಲಿಯುವುದಕ್ಕೆ ಅದು ಬೇಡ, ಸುಮ್ನೆ ನೋಡಿ ಖುಷಿಪಡಬಹುದು. ಯಾರೋ ಅಜ್ಜಿಯ ಪಕ್ಕ ನಿಂತು ಮೊಮ್ಮಗಳು ಫೋನಿನಲ್ಲಿ ಹಿಡಿದ ಅಲುಗಾಡುವ ವಿಡಿಯೋ ಎಷ್ಟೋ ಸಲ ಹೆಚ್ಚು ಕಲಿಸುತ್ತದೆ.

ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ ಪೆನ್ನು ಹಿಡಿದು ಅಳತೆ ಬರೆದುಕೊಳ್ಳಿ. ಮೂರನೇ ಸಲ ತೆರೆ ನೋಡದೆ ಬರೀ ಕೇಳಿ. ಪಾಕಕ್ಕೆ ಒಂದು ಸದ್ದು ಇದೆ. ನೀರು ಜಾಸ್ತಿ ಇದ್ದಾಗ ಸಳಸಳ ಅನ್ನುತ್ತದೆ. ನೀರು ಆರುತ್ತಾ ಬಂದಂತೆ ಸದ್ದು ದಪ್ಪಗಾಗಿ ಬುಳುಬುಳು ಅನ್ನುತ್ತದೆ. ಒಲೆಯ ಮುಂದೆ ನಿಂತಾಗ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುವುದು ಇದೇ.

ಅಳತೆಯ ವಿಷಯದಲ್ಲಿ ಹುಷಾರಾಗಿರಿ. ಒಬ್ಬರ ಕಪ್ 240 ಮಿಲಿ, ಇನ್ನೊಬ್ಬರದು 200. ಹಳೆಯ ಡೈರಿಯಲ್ಲಿ ಪಾವು, ಸೇರು, ಚಟಾಕು. ಪಾವು ಅಂದರೆ ಕಾಲು ಸೇರು, ಆದರೆ ಸೇರು ಊರಿಂದ ಊರಿಗೆ ಬೇರೆ. ಅದಕ್ಕೆ ನಾನು ಎಲ್ಲವನ್ನೂ ಗ್ರಾಂಗೆ ತಿರುಗಿಸಿ ಬರೆದಿಟ್ಟುಕೊಳ್ಳುತ್ತೇನೆ. ಸಣ್ಣ ಅಡುಗೆ ತಕ್ಕಡಿ ಒಂದು ಮನೆಯಲ್ಲಿ ಇದ್ದರೆ ಹಬ್ಬದ ಸಿಹಿಗಳಲ್ಲಿ ಅರ್ಧ ಗೊಂದಲ ಕಮ್ಮಿಯಾಗುತ್ತದೆ.

ಪಾಕದ ಬಿಸಿಯನ್ನು ಡಿಗ್ರಿಯಲ್ಲಿ ಹೇಳುವ ವಿಡಿಯೋಗಳೂ ಇವೆ. ಆ ಅಂಕಿ ಅವರ ಊರಿನದು. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ 97ರ ಹತ್ತಿರವೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಮ್ಮಿ. ಸಮುದ್ರತೀರದ ಅಡುಗೆಮನೆಯ 114 ಡಿಗ್ರಿಯನ್ನು ಬೆಂಗಳೂರಿನಲ್ಲಿ ಹಾಗೇ ಹಿಡಿದರೆ ಪಾಕ ಮೂರು ಡಿಗ್ರಿ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಥರ್ಮಾಮೀಟರ್ ಬಳಸುವವರು ಮೊದಲು ಬರೀ ನೀರು ಕುದಿಸಿ ಅದು ಎಷ್ಟು ತೋರಿಸುತ್ತದೆ ಎಂದು ನೋಡಿ. ಅದಕ್ಕೆ 14 ಕೂಡಿಸಿ. ಅದು ನಿಮ್ಮ ಮನೆಯ ಅಂಕಿ.

ಎಳ್ಳು

ಹತ್ತು ಹನ್ನೆರಡು ಮನೆಗೆ ಬೀರುವಷ್ಟಕ್ಕೆ ನಮ್ಮ ಮನೆಯ ಅಳತೆ ಇದು:

ಕಡಲೆಬೀಜ 250 ಗ್ರಾಂ
ಹುರಿಗಡಲೆ 250 ಗ್ರಾಂ
ಒಣ ಕೊಬ್ಬರಿ 250 ಗ್ರಾಂ
ಅಚ್ಚು ಬೆಲ್ಲ 250 ಗ್ರಾಂ
ಬಿಳಿ ಎಳ್ಳು 100 ಗ್ರಾಂ
ಬಣ್ಣದ ಜೀರಿಗೆ ಪೆಪ್ಪರ್‌ಮೆಂಟ್ ಒಂದು ಹಿಡಿ, ಮಕ್ಕಳಿದ್ದರೆ

ಕೊಬ್ಬರಿಯಿಂದ ಶುರು ಮಾಡಿ, ಅದಕ್ಕೇ ಜಾಸ್ತಿ ಸಮಯ ಹಿಡಿಯುವುದು. ಗಿಟುಕು ಕೊಳ್ಳುವಾಗ ಮೂಸಿ ನೋಡಿ. ಕಮಟು ವಾಸನೆ ಒಂದು ಚೂರು ಇದ್ದರೂ ಬೇಡ, ಇಡೀ ಡಬ್ಬಿ ಕೆಡಿಸುತ್ತದೆ. ಹೊರಗಿನ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು ತೆಗೆಯಿರಿ. ಉದ್ದುದ್ದ ತೆಳ್ಳಗೆ ಸೀಳಿಕೊಂಡು, ಆಮೇಲೆ ಅಡ್ಡಡ್ಡ ಸಣ್ಣ ತುಂಡು ಮಾಡಿ. ನಮ್ಮ ಅತ್ತೆಯವರು ಈಗಲೂ ಈಳಿಗೆ ಮಣೆಯ ಮೇಲೆ ಕೂತೇ ಹೆಚ್ಚುವುದು. ನನಗೆ ಅಡಕತ್ತರಿ ಹೊಂದುತ್ತದೆ. ತುಂಡು ಕಡಲೆಬೀಜದ ಬೇಳೆಗಿಂತ ದೊಡ್ಡದಾಗಬಾರದು. ಎಲ್ಲ ಒಂದೇ ಅಳತೆಗೆ ಇದ್ದರೆ ಒಂದು ಚಮಚದಲ್ಲಿ ಎಲ್ಲವೂ ಬಾಯಿಗೆ ಬರುತ್ತದೆ.

ಬೆಲ್ಲ ಗಟ್ಟಿ ಇರಲಿ. ಒತ್ತಿದರೆ ಬೆರಳು ಇಳಿಯುವ ಮೆತ್ತಗಿನ ಬೆಲ್ಲ ಪಾಯಸಕ್ಕೆ ಸರಿ, ಎಳ್ಳಿಗೆ ಅಲ್ಲ. ಹೆಚ್ಚಿದರೆ ಮುದ್ದೆಯಾಗುತ್ತದೆ. ಹಾಗೆಂದು ಹಳದಿ ಬಿಳುಪಿನ ಬೆಲ್ಲವನ್ನೇ ಹುಡುಕಬೇಡಿ. ಆಲೆಮನೆಗಳಲ್ಲಿ ಬಣ್ಣ ತಿಳಿಯಾಗಲಿ ಎಂದು ಹೈಡ್ರೋಸ್ ಎನ್ನುವ ರಾಸಾಯನಿಕ ಹಾಕುವುದುಂಟು. ಸ್ವಲ್ಪ ಕಂದಾಗಿದ್ದರೂ ಗಟ್ಟಿಯಾಗಿರುವ ಅಚ್ಚು ಸಿಕ್ಕರೆ ಅದೇ ತನ್ನಿ. ಚಾಕುವಿನಲ್ಲಿ ಹಲ್ಲೆ ಹಲ್ಲೆಯಾಗಿ ಕತ್ತರಿಸಿ, ಆಮೇಲೆ ಚೂರು ಮಾಡಿ. ಉದುರುವ ಪುಡಿಯನ್ನು ಜರಡಿ ಹಿಡಿದು ಬೇರೆ ತೆಗೆದಿಡಿ, ಕಾಫಿಗೋ ಸಾರಿಗೋ ಆಗುತ್ತದೆ. ಪುಡಿ ಬೆರೆತರೆ ಎಳ್ಳು ಅಂಟಂಟಾಗುತ್ತದೆ.

ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೇಲೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ. ಎರಡರಿಂದ ಮೂರು ದಿನ. ಸಂಜೆ ಮಂಜು ಬೀಳುವ ಮೊದಲೇ ಒಳಗೆ ತರಬೇಕು. ಬೆಲ್ಲ ಗಾಳಿಯ ಪಸೆಯನ್ನು ಬೇಗ ಹೀರಿಕೊಳ್ಳುತ್ತದೆ. ಹಗಲಿಡೀ ಒಣಗಿದ್ದು ಒಂದು ರಾತ್ರಿಯಲ್ಲಿ ಮೆತ್ತಗಾಗುತ್ತದೆ.

ಕಡಲೆಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಅಲ್ಲಲ್ಲಿ ಸಿಪ್ಪೆ ಸೀಳಿ ಚಿಟಚಿಟ ಅಂದರೆ ಇಳಿಸಿ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಬೇಳೆ ಬಿಡಿಸಿ. ಎಳ್ಳನ್ನು ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಆಮೇಲೆ ಬರೀ ಬಾಣಲೆಯಲ್ಲಿ ಹುರಿಯಬೇಕು. ಎಳ್ಳು ಸಿಡಿಯಲು ಶುರುವಾದರೆ ಸಾಕು, ಬಣ್ಣ ಬರುವವರೆಗೆ ಕಾಯಬೇಡಿ, ಕಹಿಯಾಗುತ್ತದೆ. ಹುರಿಗಡಲೆಗೆ ಒಂದು ದಿನದ ಬಿಸಿಲು ಸಾಕು.

ಬೆಲ್ಲ ಬಿಟ್ಟು ಉಳಿದದ್ದೆಲ್ಲ ಬೆರೆಸಿ ಗಾಳಿಯಾಡದ ಡಬ್ಬಿಗೆ ಹಾಕಿ. ಬೆಲ್ಲ ಕೊನೆಗೆ, ಹಬ್ಬದ ಹಿಂದಿನ ದಿನ.

ಅಚ್ಚುಗಳ ತಯಾರಿ

ಹಳೆಯ ಮರದ ಅಚ್ಚು ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಗಿಳಿ, ಆನೆ, ಮೀನು, ಕಳಶ, ತುಳಸಿಕಟ್ಟೆ, ಗೋಪುರ. ಎರಡು ಹೋಳು, ಕೆಲವು ದೊಡ್ಡ ಅಚ್ಚುಗಳಿಗೆ ಮೂರು ನಾಲ್ಕು ಹೋಳು. ಯಾವ ಹೋಳಿಗೆ ಯಾವುದು ಜೋಡಿ ಎನ್ನುವುದು ಕಲೆಸಿಹೋಗದಂತೆ ಹಿಂದೆ ಪೆನ್ಸಿಲಿನಲ್ಲಿ ಗುರುತು ಮಾಡಿ. ಪಾಕ ಕೈಯಲ್ಲಿದ್ದಾಗ ಆನೆಯ ಸೊಂಡಿಲು ಹುಡುಕುತ್ತಾ ನಿಲ್ಲುವ ಹಾಗಿಲ್ಲ.

ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ಮರ ತೇಲುತ್ತದೆ, ಮೇಲೊಂದು ತಟ್ಟೆ ಹೇರಿ. ರಾತ್ರಿಯೆಲ್ಲ ಆಗದಿದ್ದರೆ ಮೂರು ಗಂಟೆಯಾದರೂ ನೆನೆಯಲಿ. ಒಣ ಮರ ಪಾಕವನ್ನು ಹೀರುತ್ತದೆ, ಸಕ್ಕರೆ ಕಚ್ಚಿಕೊಳ್ಳುತ್ತದೆ, ಬಿಡಿಸುವಾಗ ಗಿಳಿಯ ಕೊಕ್ಕು ಅಲ್ಲೇ ಉಳಿಯುತ್ತದೆ. ನೆನೆದ ಮರ ಬಿಟ್ಟುಕೊಡುತ್ತದೆ. ಹೊಸ ಅಚ್ಚಾದರೆ ನೀರಿಗೆ ಬಣ್ಣ ಬಿಡಬಹುದು. ಎರಡು ಮೂರು ಸಲ ನೆನೆಸಿ ನೀರು ಚೆಲ್ಲಿ, ತಿಳಿ ನೀರು ಬರುವವರೆಗೆ.

ಕೆಲಸ ಶುರು ಮಾಡುವ ಸ್ವಲ್ಪ ಮೊದಲು ನೀರಿನಿಂದ ತೆಗೆದು ಜೋರಾಗಿ ಕೊಡವಿ. ಒಳಗೆ ಹನಿ ನಿಂತರೆ ಅಚ್ಚಿನ ಮೇಲೆ ಅಲ್ಲಿ ಕುಳಿ ಬೀಳುತ್ತದೆ. ಜೋಡಿಸಿ, ದಪ್ಪ ರಬ್ಬರ್ ಬ್ಯಾಂಡ್ ಹಾಕಿ ಇಲ್ಲವೇ ದಾರ ಬಿಗಿಯಾಗಿ ಸುತ್ತಿ. ಬಾಯಿ ಮೇಲೆ ಮಾಡಿ ಒಂದು ಅಂಚಿರುವ ತಟ್ಟೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ.

ಸಿಲಿಕೋನ್ ಅಚ್ಚು ಬಳಸಬಹುದು, ಅದು ಈ ಬಿಸಿ ತಡೆಯುತ್ತದೆ. ನೆನೆಸುವ ಕೆಲಸವೂ ಇಲ್ಲ. ಒಂದೇ ಮುಖದ ಗೊಂಬೆ ಬರುತ್ತದೆ, ಹಿಂದೆ ಚಪ್ಪಟೆ. ಚಾಕೊಲೇಟಿಗೆ ಬಳಸುವ ತೆಳು ಪ್ಲಾಸ್ಟಿಕ್ ಅಚ್ಚು ಮಾತ್ರ ಬೇಡವೇ ಬೇಡ. ನೂರು ಡಿಗ್ರಿ ದಾಟಿದ ಪಾಕಕ್ಕೆ ಅದು ಸೊಟ್ಟಗಾಗುತ್ತದೆ.

ಸಕ್ಕರೆ ತಿಳಿ ಮಾಡುವುದು

ಬೇಕಾದದ್ದು: ಸಕ್ಕರೆ 1 ಕೆಜಿ, ನೀರು ಅರ್ಧ ಲೀಟರ್, ಹಾಲು 100 ಮಿಲಿ, ನಿಂಬೆರಸ ನಾಲ್ಕೈದು ಹನಿ.

ದೊಡ್ಡ ಪಾತ್ರೆಯಲ್ಲಿ ಸಕ್ಕರೆ, ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಒಂದು ಕಾಳೂ ಉಳಿಯದ ಮೇಲೆ ಉರಿ ಜಾಸ್ತಿ ಮಾಡಿ. ಕುದಿ ಬಂದಾಗ ಅರ್ಧ ಹಾಲು ಹಾಕಿ. ಹಾಲು ಒಡೆದು ಮೇಲೆ ಬರುತ್ತದೆ, ಬರುವಾಗ ಸಕ್ಕರೆಯ ಕೊಳೆಯನ್ನೆಲ್ಲ ತನ್ನ ಜೊತೆ ಎತ್ತಿಕೊಂಡು ಬರುತ್ತದೆ. ಅಂಚಿನಲ್ಲಿ ಬೂದು ಬಣ್ಣದ ನೊರೆ ಕಟ್ಟುತ್ತದೆ. ಅದನ್ನು ಸೌಟಿನಲ್ಲಿ ತೆಗೆಯಿರಿ. ಉಳಿದ ಹಾಲು ಹಾಕಿ, ಮತ್ತೆ ತೆಗೆಯಿರಿ. ಆಮೇಲೆ ನಿಂಬೆ ಹನಿ. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸಿ. ಪಾಕ ಗಾಜಿನ ಹಾಗೆ ಇರಬೇಕು, ತಳದಲ್ಲಿ ಹಾಕಿದ ಚಮಚ ಕಾಣಬೇಕು. ಅಚ್ಚಿನ ಬಿಳುಪು ಇಲ್ಲೇ ನಿರ್ಧಾರ ಆಗುವುದು.

ನಿಂಬೆ ಎಷ್ಟು ಹಾಕಬೇಕು ಅನ್ನುವಲ್ಲಿ ವಿಡಿಯೋಗಳು ತುಂಬಾ ಬೇರೆ ಬೇರೆ ಹೇಳುತ್ತವೆ. ಯಾಕೆ ಹಾಕುತ್ತೇವೆ ಎಂದು ಗೊತ್ತಿದ್ದರೆ ಗೊಂದಲ ಇರುವುದಿಲ್ಲ. ಹುಳಿ ಸಕ್ಕರೆಯನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಅವು ಸಕ್ಕರೆ ಹರಳುಗಟ್ಟುವುದಕ್ಕೆ ಅಡ್ಡ ಬರುತ್ತವೆ. ಸ್ವಲ್ಪ ಅಡ್ಡ ಬಂದರೆ ಒಳ್ಳೆಯದು, ಪಾಕ ಪಾತ್ರೆಯಲ್ಲೇ ದಿಢೀರನೆ ಕಲ್ಲಾಗುವುದಿಲ್ಲ. ಜಾಸ್ತಿ ಬಂದರೆ ಅಚ್ಚು ಗಟ್ಟಿಯಾಗುವುದೇ ಇಲ್ಲ, ಅಂಟಿಕೊಂಡು ಇರುತ್ತದೆ. ಒಂದು ಕೆಜಿಗೆ ಅರ್ಧ ನಿಂಬೆಹಣ್ಣು ಹಿಂಡಿ ಎನ್ನುವ ವಿಡಿಯೋ ಕಂಡರೆ ನಾನು ಮುಂದಕ್ಕೆ ಹೋಗುತ್ತೇನೆ.

ಸೋಸಿದ ಪಾಕ ಮುಚ್ಚಿಟ್ಟರೆ ಮಾರನೆಯ ದಿನಕ್ಕೂ ಇರುತ್ತದೆ. ಹಾಗಾಗಿ ಇದನ್ನು ಶುಕ್ರವಾರ ರಾತ್ರಿ ಮಾಡಿಟ್ಟು, ಶನಿವಾರ ಬೆಳಿಗ್ಗೆ ಅಚ್ಚು ಹಾಕಬಹುದು.

ಆ ಒಂದು ನಿಮಿಷ

ಇಲ್ಲಿ ನಿಧಾನವಾಗಿ ಓದಿ.

ನೂರು ಗ್ರಾಂ ತಣ್ಣೀರಿನಲ್ಲಿ ಸುಮಾರು ಇನ್ನೂರು ಗ್ರಾಂ ಸಕ್ಕರೆ ಕರಗುತ್ತದೆ. ಕುದಿಯುವ ನೀರಿನಲ್ಲಿ 480 ಗ್ರಾಂ ದಾಟುತ್ತದೆ. ಕುದಿದ ಪಾಕ ತಣ್ಣಗಾದಾಗ ಹೆಚ್ಚಾದ ಸಕ್ಕರೆ ನೀರಿನಲ್ಲಿ ನಿಲ್ಲಲಾರದು, ಹರಳಾಗಿ ಹೊರಗೆ ಬರುತ್ತದೆ. ಅಲುಗಾಡಿಸದೆ ನಿಧಾನ ತಣಿಸಿದರೆ ದೊಡ್ಡ ದೊಡ್ಡ ಹರಳು ಕಟ್ಟುತ್ತದೆ, ಅದೇ ಕಲ್ಲುಸಕ್ಕರೆ. ಬಿಸಿಯಿರುವಾಗಲೇ ಜೋರಾಗಿ ತಿರುವಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಒಟ್ಟಿಗೇ ಹುಟ್ಟುತ್ತವೆ. ಪಾಕ ಬೆಳ್ಳಗೆ ಕಾಣುವುದು ಅದಕ್ಕೇ. ಬಾಯಲ್ಲಿ ನುಣ್ಣಗೆ ಕರಗುವುದೂ ಅದಕ್ಕೇ. ನಾವು ಮಾಡುವುದು ಇಷ್ಟೇ: ಹರಳು ಹುಟ್ಟಲು ಶುರುವಾದ ಮೇಲೆ, ಗಟ್ಟಿಯಾಗುವ ಮೊದಲು, ಅಚ್ಚಿಗೆ ಸುರಿಯುವುದು.

ಹಿಡಿ ಇರುವ, ತಳ ದಪ್ಪ ಇರುವ, ತುದಿಯಲ್ಲಿ ಮೂತಿ ಇರುವ ಸಣ್ಣ ಪಾತ್ರೆ ತೆಗೆದುಕೊಳ್ಳಿ. ಒಂದು ಸಲಕ್ಕೆ ಮುಕ್ಕಾಲು ಕಪ್ ಪಾಕ, ಅಂದರೆ 180 ಮಿಲಿ, ಅಷ್ಟೇ. ಒಂದು ಕೆಜಿಯ ಪಾಕಕ್ಕೆ ಹೀಗೆ ಆರು ಸಲ ಒಲೆಗಿಡಬೇಕಾಗುತ್ತದೆ. ಬೇಸರ ಪಡಬೇಡಿ. ನಾನು ಒಟ್ಟಿಗೇ ಇಟ್ಟು ಕಳೆದುಕೊಂಡದ್ದು ಇದನ್ನೇ. ಮುಕ್ಕಾಲು ಕಪ್ಪಿನಲ್ಲಿ 20 ಗ್ರಾಂ ತೂಗುವ ಏಳೆಂಟು ಅಚ್ಚು ಬರುತ್ತವೆ. ಹಾಗಾಗಿ ಎಂಟು ಅಚ್ಚು ಪಕ್ಕದಲ್ಲಿ ಸಿದ್ಧ ಇರಬೇಕು. ಒಂದು ಬಟ್ಟಲು ತಣ್ಣೀರು, ಒಂದು ಮಸಿಬಟ್ಟೆ ಕೂಡ. ಮಕ್ಕಳು ಅಡುಗೆಮನೆಯಿಂದ ಹೊರಗಿರಲಿ. ಈ ಪಾಕ ಕುದಿಯುವ ನೀರಿಗಿಂತ ಬಿಸಿ, ಮೈಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಬಿದ್ದರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು.

ಮಧ್ಯಮ ಉರಿಯಲ್ಲಿ ಕುದಿಸಿ. ಕುದಿಯುವಾಗ ತಿರುವಬೇಡಿ. ಪಾತ್ರೆಯ ಬದಿಗೆ ಸಿಡಿದ ಹನಿಗಳು ಒಣಗಿ ಹರಳಾದರೆ, ಅವು ಪಾಕಕ್ಕೆ ಬಿದ್ದು ಹೊತ್ತಲ್ಲದ ಹೊತ್ತಿನಲ್ಲಿ ಎಲ್ಲವನ್ನೂ ಗಟ್ಟಿ ಮಾಡುತ್ತವೆ. ಒದ್ದೆ ಬ್ರಷ್‌ನಲ್ಲಿ ಬದಿಯನ್ನು ಒಮ್ಮೆ ಸವರಿ. ನನ್ನ ಒಲೆಯಲ್ಲಿ ಹದಕ್ಕೆ ಬರಲು ಆರೇಳು ನಿಮಿಷ ಬೇಕು. ನಾಲ್ಕನೇ ನಿಮಿಷದಿಂದ ಒಲೆ ಬಿಟ್ಟು ಅಲ್ಲಾಡಬೇಡಿ. ಗುಳ್ಳೆಗಳು ಮೊದಲು ಸಣ್ಣಗೆ, ಬೇಗ ಬೇಗ ಒಡೆಯುತ್ತವೆ. ಆಮೇಲೆ ದೊಡ್ಡದಾಗಿ, ಒಂದರ ಮೇಲೊಂದು ಏರಿ, ಒಡೆಯಲು ತಡ ಮಾಡುತ್ತವೆ. ಸದ್ದು ದಪ್ಪಗಾಗುತ್ತದೆ. ಆಗ ಉರಿ ಸಣ್ಣ ಮಾಡಿ ಒಂದು ಹನಿಯನ್ನು ತಣ್ಣೀರಿಗೆ ಬಿಡಿ. ಕರಗಿ ಹರಡಿದರೆ ಇನ್ನೂ ಬೇಕು. ಬೆರಳಿನಲ್ಲಿ ಒಟ್ಟುಗೂಡಿಸಿದರೆ ಮೆತ್ತನೆಯ ಉಂಡೆಯಾಯಿತೇ? ಹದ ಬಂತು. ಟಣ್ ಎಂದು ಗಟ್ಟಿಯಾದರೆ ಮುಂದೆ ಹೋಗಿದೆ.

ಒಲೆ ಆರಿಸಿ. ಪಾತ್ರೆ ಕೆಳಗಿಳಿಸಿ. ಈಗ ಸೌಟಿನ ಹಿಂಬದಿಯಿಂದ ಪಾಕವನ್ನು ಪಾತ್ರೆಯ ಬದಿಗೆ ಉಜ್ಜುತ್ತಾ ಜೋರಾಗಿ ತಿರುವಿ.

ಮೊದಲು ಏನೂ ಆಗುವುದಿಲ್ಲ. ಹತ್ತು, ಹದಿನೈದು ಸುತ್ತು, ಪಾಕ ಇನ್ನೂ ತಿಳಿಯಾಗೇ ಇರುತ್ತದೆ. ಹೆದರಬೇಡಿ, ನಿಲ್ಲಿಸಬೇಡಿ. ಆಮೇಲೆ ಬದಿಯಲ್ಲಿ, ಸೌಟು ಉಜ್ಜಿದ ಜಾಗದಲ್ಲಿ, ಮಬ್ಬು ಗೆರೆಯೊಂದು ಕಾಣುತ್ತದೆ. ಆ ಮಬ್ಬು ಒಳಗೆ ಹರಡುತ್ತದೆ. ನೀರು ಹಾಲಿನ ಹಾಗಿದ್ದದ್ದು ಎರಡು ಮೂರು ಸುತ್ತಿನಲ್ಲಿ ಗಟ್ಟಿ ಹಾಲಿನ ಹಾಗೆ ಆಗುತ್ತದೆ. ಸೌಟಿಗೆ ಸ್ವಲ್ಪ ಭಾರ ತಿಳಿಯುತ್ತದೆ. ಈ ಭಾರ ಕೈಗೆ ಗೊತ್ತಾದ ಕ್ಷಣವೇ ಸುರಿಯಿರಿ. ಪೂರ್ತಿ ಬೆಳ್ಳಗಾಗಲಿ ಎಂದು ಕಾಯಬಾರದು, ಉಳಿದ ಬಿಳುಪು ಅಚ್ಚಿನೊಳಗೆ ಬರುತ್ತದೆ. ಸುರಿಯಲು ಸಿಗುವುದು ಇಪ್ಪತ್ತು ಮೂವತ್ತು ಸೆಕೆಂಡು. ಒಂದು ಅಚ್ಚಿನಿಂದ ಇನ್ನೊಂದಕ್ಕೆ ಧಾರೆ ಕಡಿಯದೆ ಹೋಗಿ. ಹೊರಗೆ ಚೆಲ್ಲಿದರೆ ಚೆಲ್ಲಲಿ, ತಟ್ಟೆಯಲ್ಲಿ ಬಿದ್ದದ್ದನ್ನು ಆಮೇಲೆ ಕೆರೆದು ಪಾಕಕ್ಕೇ ಹಾಕಬಹುದು.

ಮೊದಲ ಎರಡು ಸಲ ನೀವು ಬೇಗ ಸುರಿಯುತ್ತೀರಿ ಅಥವಾ ತಡ ಮಾಡುತ್ತೀರಿ. ಮೂರನೆಯ ಸಲಕ್ಕೆ ಕೈ ತಾನೇ ನಿಲ್ಲುತ್ತದೆ. ನಾನು ಅತ್ತೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದ್ದೆ. ಅವರು ಹೇಳಿದ್ದು ಒಂದೇ ಮಾತು: "ನೋಡಬೇಡ ಕಣಮ್ಮ, ಸೌಟು ಭಾರ ಆಯ್ತಾ ಹೇಳು." ಅಷ್ಟೂ ವಿಡಿಯೋಗಳಲ್ಲಿ ಯಾರೂ ಹೇಳದ ಮಾತು ಅದು. ಕ್ಯಾಮರಾಕ್ಕೆ ಭಾರ ಕಾಣುವುದಿಲ್ಲ ಅಲ್ವಾ?

ಹತ್ತು ನಿಮಿಷ ಬಿಡಿ. ಅಚ್ಚಿನ ಹೊರಗೆ ಕೈಯಿಟ್ಟರೆ ಬೆಚ್ಚಗೆ ಇರಬೇಕು, ಬಿಸಿ ಇರಬಾರದು. ರಬ್ಬರ್ ಬ್ಯಾಂಡ್ ತೆಗೆದು, ಬದಿಯಲ್ಲಿ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟಿ, ಹೋಳುಗಳನ್ನು ನೇರವಾಗಿ ಎಳೆಯಿರಿ. ತಿರುಚಬೇಡಿ. ಹೊರಬಂದ ಅಚ್ಚನ್ನು ಬಟ್ಟೆಯ ಮೇಲೆ ನೆರಳಿನಲ್ಲಿ ಒಂದು ದಿನ ಆರಲು ಬಿಡಿ. ಕೂಡಿಕೆಯ ಗೆರೆ ಉಳಿದಿದ್ದರೆ ಚಾಕುವಿನಿಂದ ಹಗುರಾಗಿ ಕೆರೆಯಿರಿ. ಅಷ್ಟು ಹೊತ್ತಿಗೆ ಮರದ ಅಚ್ಚನ್ನು ನೀರಿಗೆ ಅದ್ದಿ, ಕೊಡವಿ, ಮುಂದಿನ ಸಲಕ್ಕೆ ಕಟ್ಟಿಡಿ.

ಹದ ತಪ್ಪಿದಾಗ

ಪಾತ್ರೆಯಲ್ಲೇ ಗಟ್ಟಿಯಾಯಿತು: ಮೂರು ನಾಲ್ಕು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ, ಮತ್ತೆ ಹದಕ್ಕೆ ತನ್ನಿ. ಸಕ್ಕರೆ ಹಾಳಾಗುವುದಿಲ್ಲ. ಒಂದು ಕಾಳೂ ಉಳಿಯದ ಹಾಗೆ ಕರಗಬೇಕು, ಉಳಿದರೆ ಮತ್ತೆ ಬೇಗ ಕಲ್ಲಾಗುತ್ತದೆ. ನನ್ನ ಆ ಒಂದು ಕೆಜಿಯನ್ನು ಮಾರನೆಯ ದಿನ ಹೀಗೇ ಉಳಿಸಿಕೊಂಡೆ.

ಅರ್ಧ ಗಂಟೆಯಾದರೂ ಅಚ್ಚು ಮೆತ್ತಗಿದೆ: ಪಾಕ ಎಳೆಯದು, ಇಲ್ಲವೇ ನಿಂಬೆ ಹೆಚ್ಚಾಗಿದೆ. ಎಳೆಯದಾದರೆ ಮತ್ತೆ ಕುದಿಸಿದರೆ ಸರಿಹೋಗುತ್ತದೆ. ನಿಂಬೆ ಹೆಚ್ಚಾಗಿದ್ದರೆ ಹೊಸ ಸಕ್ಕರೆಯ ಪಾಕ ಬೆರೆಸಬೇಕು.

ಗಟ್ಟಿಯಾಗಿದೆ, ಆದರೆ ಗಾಜಿನ ಹಾಗೆ, ಹಲ್ಲಿಗೆ ಕಟಕಟ: ತಿರುವಿದ್ದು ಸಾಲಲಿಲ್ಲ ಅಥವಾ ಪಾಕ ಮುಂದೆ ಹೋಗಿತ್ತು.

ಹಳದಿ ಬಂತು: ಉರಿ ಜಾಸ್ತಿ, ಅಂಚಿನಲ್ಲಿ ಸಕ್ಕರೆ ಕಂದಾಗಿದೆ. ರುಚಿಗೆ ತೊಂದರೆ ಇಲ್ಲ.

ಒಳಗೆ ಟೊಳ್ಳು: ದೊಡ್ಡ ಅಚ್ಚುಗಳಲ್ಲಿ ಆಗುತ್ತದೆ. ಸುರಿದ ಮೇಲೆ ಅಚ್ಚನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಗಾಳಿ ಮೇಲೆ ಬರುತ್ತದೆ.

ಬಣ್ಣ ಬೇಕೆಂದರೆ ಕೊನೆಯ ಎರಡು ಸಲಕ್ಕೆ ಮಾತ್ರ ಹಾಕಿ, ಮೊದಲು ಬಿಳಿ ಮುಗಿಸಿ. ಒಲೆಯಿಂದ ಇಳಿಸಿದ ಕೂಡಲೇ ಎರಡು ಹನಿ ತಿನ್ನುವ ಬಣ್ಣ. ಕೇಸರಿಯನ್ನು ಒಂದು ಚಮಚ ಬಿಸಿ ಪಾಕದಲ್ಲಿ ನೆನೆಸಿ ಹಾಕಿದರೆ ತಿಳಿ ಹಳದಿ ಬಣ್ಣ, ಜೊತೆಗೆ ಪರಿಮಳ. ಏಲಕ್ಕಿ ಪುಡಿ ಬೇಡ ಅನ್ನುವುದು ನನ್ನ ಅಭಿಪ್ರಾಯ, ಬಿಳುಪಿನ ಮೇಲೆ ಕಪ್ಪು ಚುಕ್ಕೆ ಕಾಣುತ್ತದೆ.

ದೂರದ ಊರಲ್ಲಿರುವವರಿಗೆ

ಜನವರಿಯಲ್ಲಿ ಲಂಡನ್, ಟೊರೊಂಟೊದಲ್ಲಿ ಬಿಸಿಲು ಎಲ್ಲಿಂದ ಬರಬೇಕು? ನನ್ನ ತಂಗಿ ಅಲ್ಲಿನ ಅಡುಗೆಮನೆಯಿಂದ ವಿಡಿಯೋ ಕಾಲ್ ಮಾಡಿಕೊಂಡೇ ಎಳ್ಳು ಮಾಡುತ್ತಾಳೆ. ಕೊಬ್ಬರಿಯನ್ನು ಅವನ್‌ನಲ್ಲಿ ಎಲ್ಲಕ್ಕಿಂತ ಕಮ್ಮಿ ಬಿಸಿಯಲ್ಲಿ, ಬಾಗಿಲು ಚೂರು ತೆರೆದಿಟ್ಟು, ಒಂದು ಗಂಟೆ ಒಣಗಿಸಿದರೆ ಸಾಕು. ಬೆಲ್ಲವನ್ನು ಅವನ್‌ಗೆ ಇಡಬೇಡಿ, ಕರಗುತ್ತದೆ. ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿರುತ್ತದೆ, ಅಲ್ಲೇ ಎರಡು ದಿನ ಹರಡಿಡಿ. ಅಲ್ಲಿನ ಬಿಳಿ ಸಕ್ಕರೆಯಲ್ಲಿ ಕೊಳೆ ಬರುವುದೇ ಇಲ್ಲ ಎಂದು ಅವಳು ಹೇಳುತ್ತಾಳೆ. ಹಾಗಿದ್ದರೆ ಹಾಲಿನ ಹಂತವನ್ನು ಬಿಡಬಹುದು.

ಉತ್ತರ ಕರ್ನಾಟಕದ ಕುಸುರೆಳ್ಳು ಇದೇ ಪಾಕದ ಇನ್ನೊಂದು ಕೈಚಳಕ. ಎಳ್ಳಿನ ಮೇಲೆ ಪಾಕವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಸಣ್ಣ ಬಿಸಿಯಲ್ಲಿ ಕೈಯಾಡಿಸುತ್ತಾ ಮುಳ್ಳು ಎಬ್ಬಿಸುತ್ತಾರೆ. ಗಂಟೆಗಟ್ಟಲೆಯ ಕೆಲಸ. ಅದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ, ಚೆನ್ನಾಗಿ ಬಂದ ಮೇಲೆ ಬರೆಯುತ್ತೇನೆ.

ಬೀರುವ ದಿನ

ಬೆಲ್ಲ ಬೆರೆಸಿದ ಎಳ್ಳನ್ನು ಸಣ್ಣ ಪೊಟ್ಟಣ ಅಥವಾ ಡಬ್ಬಿಗೆ ತುಂಬಿ. ತಟ್ಟೆಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆ, ಅರಿಸಿನ ಕುಂಕುಮ. ಅಚ್ಚನ್ನು ಎಳ್ಳಿನ ಜೊತೆ ಒಂದೇ ಪೊಟ್ಟಣಕ್ಕೆ ಹಾಕಬೇಡಿ. ಬೆಲ್ಲದ ಪಸೆ ತಾಗಿ ಅಚ್ಚಿನ ಮೇಲೆ ಕಂದು ಕಲೆ ಬೀಳುತ್ತದೆ. ಬಟರ್ ಪೇಪರಿನಲ್ಲಿ ಬೇರೆಯಾಗಿ ಸುತ್ತಿಡಿ. ಯಾರಿಗೆ ಯಾವ ಅಚ್ಚು ಎಂದು ಹಿಂದಿನ ರಾತ್ರಿಯೇ ಯೋಚಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಕೆಳಗಿನ ಮನೆಯ ಪುಟ್ಟ ಹುಡುಗನಿಗೆ ಪ್ರತಿ ವರ್ಷ ಆನೆಯೇ ಆಗಬೇಕು. ಮೊದಲ ಸಂಕ್ರಾಂತಿಯ ಮದುಮಗಳಿಗೆ ತುಳಸಿಕಟ್ಟೆ. ಕೊಡುವಾಗ "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಅನ್ನುತ್ತೇವೆ.

ಹಬ್ಬ ಮುಗಿದ ಮೇಲೆ ಮರದ ಅಚ್ಚುಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೂಲೆ ಮೂಲೆ ಉಜ್ಜಿ. ಸೋಪು ಬೇಡ, ಮರ ಅದರ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲಿಗೂ ಬೇಡ, ಬಿರುಕು ಬಿಡುತ್ತದೆ. ನೆರಳಿನಲ್ಲಿ ಎರಡು ಮೂರು ದಿನ ಪೂರ್ತಿ ಒಣಗಿಸಿ, ಜೋಡಿ ಜೋಡಿಯಾಗಿ ಕಟ್ಟಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಒಂದು ಚೂರು ಸಕ್ಕರೆ ಉಳಿದರೂ ಇರುವೆ ಹುಡುಕಿಕೊಂಡು ಬರುತ್ತದೆ. ಮುರಿದ ಅಚ್ಚುಗಳು ನಮ್ಮ ಮನೆಯಲ್ಲಿ ಫೆಬ್ರವರಿಯವರೆಗೂ ಇರುತ್ತವೆ. ಬೆಳಗಿನ ಬಿಸಿ ಹಾಲಿಗೆ ಗಿಳಿಯ ಬಾಲವೋ ಆನೆಯ ಕಿವಿಯೋ ಒಂದು ಚೂರು.